ಸಾರಿನ ಬಕೆಟ್ಟೂ ಕನ್ನಡಿಯ ಕೋಣೆಯೂ

ಲಂಡನ್ನಿನ ಆಧುನಿಕ ಕಲಾ ಗ್ಯಾಲರಿ ಟೇಟ್ ಮಾಡರ್ನ್‌ನಲ್ಲಿ ಜಪಾನಿನ ಕಲಾವಿದೆ ಯಾಯೋಯಿ ಕುಸಾಮಾ ಅವರ ಕನ್ನಡಿ ಕೋಣೆಗಳ ಪ್ರದರ್ಶನ 2021ರ ಮೇ ತಿಂಗಳಲ್ಲಿ ಶುರುವಾಯಿತು. ಜನ ಮುಗಿಬಿದ್ದರು. ಮತ್ತೆ ಮತ್ತೆ ಮುಂದೂಡುತ್ತಾ ಅದನ್ನು ಮುಚ್ಚಿದ್ದು 2024ರ ಏಪ್ರಿಲ್‌ನಲ್ಲಿ. ಟಿಕೆಟ್ ಬಿಟ್ಟ ದಿನ ನಾನು ಮೂರು ಸಲ ಲ್ಯಾಪ್‌ಟಾಪ್ ಮುಂದೆ ಕೂತೆ, ಮೂರು ಸಲವೂ ಖಾಲಿ. ಹದಿನೇಳರ ಮಗಳು ಮಾತ್ರ ಬಸ್ಸಿನಲ್ಲಿ ನಿಂತುಕೊಂಡೇ ಫೋನಿನಲ್ಲಿ ನಾಲ್ಕು ಟಿಕೆಟ್ ತೆಗೆದುಬಿಟ್ಟಳು. ತನಗೊಂದು, ಗೆಳತಿಯರಿಗೆ ಮೂರು. ಒಂದಕ್ಕೆ ಐದು ಪೌಂಡ್.

ಆ ಐದು ಪೌಂಡಿನ ಹಿಂದೆ ಒಂದು ಏರ್ಪಾಡಿದೆ. ಹೆಸರು ಟೇಟ್ ಕಲೆಕ್ಟಿವ್, 2018ರಲ್ಲಿ ಶುರುವಾದದ್ದು. ಹದಿನಾರರಿಂದ ಇಪ್ಪತ್ತೈದರೊಳಗಿನ ಯಾರು ಬೇಕಾದರೂ ಕಾಸಿಲ್ಲದೆ ಸದಸ್ಯರಾಗಬಹುದು. ಸದಸ್ಯರ ಸಂಖ್ಯೆ ಲಕ್ಷ ದಾಟಿದೆ. ಅಲ್ಲಿನ ಖಾಯಂ ಸಂಗ್ರಹ ನೋಡಲು ಹೇಗೂ ಯಾರಿಗೂ ಟಿಕೆಟ್ಟಿಲ್ಲ, ರಿಯಾಯಿತಿ ಇರುವುದು ವಿಶೇಷ ಪ್ರದರ್ಶನಗಳಿಗೆ.

ಕಡೆಗೆ ನನಗೂ ಒಂದು ಮಂಗಳವಾರ ಟಿಕೆಟ್ ಸಿಕ್ಕಿತು, ಪೂರ್ತಿ ದುಡ್ಡು ಕೊಟ್ಟು. ಬಾಗಿಲಲ್ಲಿ ನಿಂತ ಹುಡುಗಿ ನಮ್ಮನ್ನು ನಾಲ್ಕೈದು ಜನರ ಗುಂಪು ಮಾಡಿ ಒಳಗೆ ಬಿಟ್ಟು ಬಾಗಿಲು ಹಾಕಿದಳು. ಕತ್ತಲು. ಕಾಲ ಕೆಳಗೆ ಒಂದು ಕಿರಿದಾದ ದಾರಿ, ಅದರ ಅಕ್ಕಪಕ್ಕ ತೆಳ್ಳಗೆ ನೀರು, ಮೇಲಿನಿಂದ ಇಳಿಬಿಟ್ಟ ನೂರಾರು ಪುಟ್ಟ ದೀಪಗಳು ಬಣ್ಣ ಬದಲಿಸುತ್ತಿದ್ದವು. ಸುತ್ತಲೂ ಕನ್ನಡಿ. ದೀಪಕ್ಕೂ ಕೊನೆಯಿಲ್ಲ, ನನ್ನ ಬೋಳುತಲೆಗೂ ಕೊನೆಯಿಲ್ಲ. ಇನ್ನೇನು ಕಣ್ಣು ಹೊಂದಿಕೊಳ್ಳಬೇಕು ಅನ್ನುವಷ್ಟರಲ್ಲಿ ಬಾಗಿಲು ತೆರೆಯಿತು, ಸಮಯ ಆಯಿತು. ತಿರುಪತಿಯ ‘ಜರಗಂಡಿ’ ನೆನಪಾಯಿತು. ಸಾಲು, ಕಾಯುವಿಕೆ, ಎರಡು ನಿಮಿಷದ ದರ್ಶನ, ಎಲ್ಲ ಅದೇ. ಲಾಡು ಒಂದು ಇರಲಿಲ್ಲ.

ಮಕ್ಕಳಿಗೆ ಅಗ್ಗದ ಟಿಕೆಟ್ ಕೊಟ್ಟರೆ ಮ್ಯೂಸಿಯಂ ತುಂಬುತ್ತದೆ, ನಮ್ಮೂರಿನವರೂ ಹಾಗೇ ಮಾಡಲಿ ಎಂದು ಬರೆದು ಮುಗಿಸಬಹುದಿತ್ತು. ಆದರೆ ನಮ್ಮೂರಲ್ಲಿ ಟಿಕೆಟ್ ಯಾವತ್ತೂ ದುಬಾರಿ ಆಗಿರಲಿಲ್ಲ. ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೆ ನಾನು ಕೊಟ್ಟದ್ದು ಇಪ್ಪತ್ತು ರೂಪಾಯಿ. ಒಂದು ಕಾಫಿಯ ಬೆಲೆ. ದೊಡ್ಡ ಮರಗಳು, ಹಳೆಯ ಬಂಗಲೆ, ಒಳ್ಳೆಯ ಚಿತ್ರಗಳು. ನಾನು ಹೋದ ದಿನ ಇಡೀ ಮಹಡಿಯಲ್ಲಿ ನಾನು, ಒಬ್ಬ ಕಾವಲುಗಾರ, ಒಂದು ಫ್ಯಾನು. ಸಂಜೆಯಾಗುವಷ್ಟರಲ್ಲಿ ಬಾಗಿಲು. ಏಳು ಗಂಟೆಗೆ ಆಫೀಸು ಬಿಡುವ ಇಪ್ಪತ್ತೈದರ ಹುಡುಗಿ ಎಲ್ಲಿಂದ ಬಂದಾಳು?

ವ್ಯತ್ಯಾಸ ಇರುವುದು ಬೇರೆ ಕಡೆ. ನಮ್ಮ ಮದುವೆ ಮನೆಗಳಲ್ಲಿ ನೋಡಿ. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಫೋನು ನೋಡುತ್ತಾ ಕೂತ ಹುಡುಗನ ಕೈಗೆ ಯಾರೋ ಸೋದರಮಾವ ಸಾರಿನ ಬಕೆಟ್ ಕೊಡುತ್ತಾನೆ. ಅಷ್ಟೇ, ಮುಂದಿನ ಎರಡು ಗಂಟೆ ಆ ಮದುವೆ ಅವನದೇ. ‘ಆ ಕೊನೆ ಎಲೆಗೆ ಅನ್ನ ಬಂದಿಲ್ಲ’ ಎಂದು ಅವನೇ ಕೂಗುತ್ತಾನೆ. ಟೇಟ್ ಮಾಡಿದ್ದು ಇದನ್ನೇ. ಕಲೆಕ್ಟಿವ್‌ನಿಂದ ಆರಿಸಿದ ಕೆಲವು ಹುಡುಗ ಹುಡುಗಿಯರು ಪ್ರೊಡ್ಯೂಸರ್‌ಗಳು. ಟೇಟ್‌ನದೇ ಇನ್ನೊಂದು ಗ್ಯಾಲರಿ ಟೇಟ್ ಬ್ರಿಟನ್‌ನ ರಾತ್ರಿ ಕಾರ್ಯಕ್ರಮಗಳನ್ನು ಅವರೇ ಕಟ್ಟಿದ್ದಾರೆ. ಯಾರು ಹಾಡಬೇಕು, ಯಾವ ಚಿತ್ರದ ಮುಂದೆ ಏನು ನಡೆಯಬೇಕು ಎಂಬ ತಲೆಬಿಸಿಯೂ ಅವರದೇ. ಮಗಳ ಗೆಳತಿಯೊಬ್ಬಳು ಇಂಥದೊಂದು ಸಂಜೆಗೆ ದುಡಿದಳು. ಅವತ್ತು ನಾವೆಲ್ಲ ಹೋದೆವು, ಅವಳ ಅಜ್ಜಿ ಕೂಡ ಬಂದಿದ್ದರು. ಅಜ್ಜಿಗೆ ಸಂಗೀತ ಹಿಡಿಸಲಿಲ್ಲ. ಆದರೂ ಕೊನೆಯವರೆಗೂ ಕೂತಿದ್ದರು, ಮೊಮ್ಮಗಳ ಕಾರ್ಯಕ್ರಮ ಅಲ್ಲವೇ.

ಇದನ್ನು ಧರ್ಮಕಾರ್ಯ ಎಂದುಕೊಳ್ಳಬೇಡಿ. ಇಂದು ಐದು ಪೌಂಡ್ ಕೊಟ್ಟವನು ನಾಳೆ ಪೂರ್ತಿ ಸದಸ್ಯತ್ವಕ್ಕೆ ದುಡ್ಡು ಬಿಚ್ಚಲಿ ಎಂಬ ಲೆಕ್ಕಾಚಾರ ಇದ್ದೇ ಇದೆ. ಇಪ್ಪತ್ತಾರು ತುಂಬಿದ ದಿನವೇ ರಿಯಾಯಿತಿ ನಿಲ್ಲುತ್ತದೆ. ಅದೇ ಟೇಟ್‌ನಲ್ಲಿ ‘ಯಂಗ್ ಪೇಟ್ರನ್ಸ್’ ಎಂಬ ಇನ್ನೊಂದು ಪಂಕ್ತಿಯೂ ಉಂಟು. ಹದಿನೆಂಟರಿಂದ ನಲವತ್ತರವರೆಗಿನವರು, ವರ್ಷಕ್ಕೆ ಸಾವಿರ ಪೌಂಡಿಗೂ ಮೇಲೆ ಕೊಡುವವರು. ಅವರಿಗೆ ಕಲಾವಿದರ ಸ್ಟುಡಿಯೋ ಭೇಟಿ, ಖಾಸಗಿ ವೀಕ್ಷಣೆ. ಪಂಕ್ತಿಭೇದ ನಮ್ಮ ಮಠಗಳಲ್ಲಷ್ಟೇ ಇದೆ ಎಂದುಕೊಂಡವರು ಒಮ್ಮೆ ಇಲ್ಲಿಗೆ ಬಂದು ನೋಡಬೇಕು.

ಇಲ್ಲಿನ ನಮ್ಮ ಕನ್ನಡ ಸಂಘದ ಕಥೆಯನ್ನೂ ಹೇಳಿಬಿಡುತ್ತೇನೆ. ‘ಯುವಕರು ಬರುತ್ತಿಲ್ಲ’ ಎಂಬುದು ಪ್ರತಿ ಸಭೆಯ ಕೊನೆಯ ವಿಷಯ. ರಾಜ್ಯೋತ್ಸವಕ್ಕೆ ಏನು ಮಾಡಬೇಕು ಎಂದು ತೀರ್ಮಾನಿಸುವವರು ಮಾತ್ರ ನಾವೇ, ನರೆಗೂದಲಿನ ಏಳು ಜನ. ಮಕ್ಕಳಿಗೆ ನಾವು ಕೊಡುವ ಕೆಲಸ ದೀಪ ಹಚ್ಚುವಾಗ ತಟ್ಟೆ ಹಿಡಿದು ನಿಲ್ಲುವುದು.

ಹಾಗೆಂದು ಬೆಂಗಳೂರಿನ ಹುಡುಗರಿಗೆ ಕಲೆ ಬೇಡ ಎಂದರೆ ನಾನು ಒಪ್ಪುವುದಿಲ್ಲ. ಜನವರಿಯ ಮೊದಲ ಭಾನುವಾರ ಕುಮಾರಕೃಪಾ ರಸ್ತೆಗೆ ಹೋಗಿ. ಚಿತ್ರಕಲಾ ಪರಿಷತ್ತು 2003ರಿಂದ ನಡೆಸುತ್ತಿರುವ ಚಿತ್ರಸಂತೆಗೆ ವಾಹನ ನಿಲ್ಲಿಸಿ ಇಡೀ ರಸ್ತೆ ಬಿಟ್ಟುಕೊಡುತ್ತಾರೆ. ಸಾವಿರಕ್ಕೂ ಹೆಚ್ಚು ಕಲಾವಿದರು, ಲಕ್ಷಗಟ್ಟಲೆ ಜನ. ಸದಸ್ಯತ್ವ ಇಲ್ಲ, ಟಿಕೆಟ್ ಇಲ್ಲ, ಎರಡೇ ನಿಮಿಷ ಎಂದು ಬಾಗಿಲು ತೆರೆಯುವವರಿಲ್ಲ. ಅಪ್ಪನ ಹೆಗಲ ಮೇಲಿನ ಮಗು, ಜೋಳ ಮೆಲ್ಲುತ್ತಾ ದರ ಕೇಳುವ ದಂಪತಿ, ಫುಟ್‌ಪಾತಿನ ಉದ್ದಕ್ಕೂ ಸ್ಟೂಲು ಹಾಕಿಕೊಂಡು ಮುಖ ಬರೆದುಕೊಡುವ ಕಾಲೇಜು ಹುಡುಗರು. ಕುಸಾಮಾ ನೋಡಲು ಮೂರು ಸಲ ಸೋತ ನನಗೆ ಈ ಗದ್ದಲವೇ ಹೆಚ್ಚು ಇಷ್ಟ. ಟೇಟ್‌ಗೆ ಇಂಥದೊಂದು ರಸ್ತೆ ಇಲ್ಲ.

ಕಳೆದ ಸಲ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಕಲಾಶಾಲೆಯ ಹುಡುಗನೊಬ್ಬ ಅವರನ್ನು ಕೂರಿಸಿಕೊಂಡು ಇದ್ದಿಲಿನಲ್ಲಿ ಬರೆಯತೊಡಗಿದ.

“ಮೂಗುತಿ ಮರೀಬೇಡಪ್ಪ, ಎರಡೂ ಕಡೆ ಇದೆ,” ಅಂದರು ಅಮ್ಮ.

“ಅದ್ರಿಂದಾನೇ ಶುರು ಮಾಡಿದೀನಿ ಅಜ್ಜಿ, ಸ್ವಲ್ಪ ಅಲ್ಲಾಡ್ಬೇಡಿ.”

ನಿಜಕ್ಕೂ ಅವನು ಮೂಗುತಿಯಿಂದಲೇ ಶುರು ಮಾಡಿದ್ದ. ಖಾಲಿ ಹಾಳೆಯ ನಡುವೆ ಎರಡು ಕಪ್ಪು ಚುಕ್ಕೆ, ಅವುಗಳ ಸುತ್ತ ನಿಧಾನವಾಗಿ ಅಮ್ಮ ಮೂಡಿದರು. ದುಡ್ಡು ಕೊಡುವಾಗ ಸುಮ್ಮನೆ ಕೇಳಿದೆ, ಇಲ್ಲೇ ನಡೆದು ಹೋಗುವಷ್ಟು ದೂರದಲ್ಲಿ ಅರಮನೆ ರಸ್ತೆಯ ಗ್ಯಾಲರಿ ಇದೆಯಲ್ಲ, ಹೋಗುತ್ತಿರುತ್ತೀಯಾ?

ಬೆರಳಿಗಂಟಿದ ಇದ್ದಿಲನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ಹೇಳಿದ: “ಒಂದ್ಸಲ ಕಾಲೇಜಿಂದ ಕರ್ಕೊಂಡು ಹೋಗಿದ್ರು ಸಾರ್. ಅಟೆಂಡೆನ್ಸ್ ಇತ್ತು.”