ಕೆಂಪು ಗೀಟು ಬಿದ್ದ ಸಂಖ್ಯೆ

ಇದನ್ನು ಬರೆಯದೆ ಇವತ್ತು ನನಗೆ ನಿದ್ದೆ ಬರುವುದಿಲ್ಲ.

ಸಂಜೆ ಮಂಡಿಯ ಲೆಕ್ಕ ಮುಗಿಸಿ ತಂಗಿ ಮನೆಗೆ ಹೋಗಿದ್ದೆ. ಎಂಟನೇ ಕ್ಲಾಸಿನ ಅವಳ ಮಗಳು ಮುಖ ಊದಿಸಿಕೊಂಡು ಕೂತಿದ್ದಳು. ಮುಂದೆ ಗಣಿತದ ನೋಟ್‌ಬುಕ್. ಕೊನೆ ಪುಟದಲ್ಲಿ 3816547290 ಅಂತ ದೊಡ್ಡದಾಗಿ ಬರೆದಿದ್ದಾಳೆ. ಫೋನ್ ನಂಬರ್ ಅಂದುಕೊಂಡೆ. ಆದರೆ 3ರಿಂದ ಶುರುವಾಗುವ ಮೊಬೈಲ್ ನಂಬರ್ ಎಲ್ಲಿದೆ? ಅದರ ಮೇಲೆ ಅಡ್ಡಡ್ಡ ಕೆಂಪು ಗೀಟು. ಪಕ್ಕದಲ್ಲಿ, 'ಪರೀಕ್ಷೆಗೆ ಬರಲ್ಲ'.

ಆ ಸಂಖ್ಯೆ ಏನು ಗೊತ್ತಾ? 0ಯಿಂದ 9ರವರೆಗೆ ಎಲ್ಲ ಅಂಕಿಯೂ ಒಂದೊಂದೇ ಸಲ ಬಂದಿದೆ. ಎಡಗಡೆಯ ಎರಡು ಅಂಕಿ, 38, ಎರಡರಿಂದ ಭಾಗ ಹೋಗುತ್ತದೆ. 381 ಮೂರರಿಂದ, 3816 ನಾಲ್ಕರಿಂದ, 38165 ಐದರಿಂದ. ಹೀಗೇ ಪೂರ್ತಿ ಹತ್ತು ಅಂಕಿ ಹತ್ತರಿಂದ. ಹತ್ತು ಅಂಕಿಗಳನ್ನು 36,28,800 ಥರ ಜೋಡಿಸಬಹುದು. ಅಷ್ಟರಲ್ಲಿ ಈ ಗುಣ ಇರುವುದು ಇದೊಂದಕ್ಕೇ!

ಅವಳು ಅದನ್ನು ಸುಮ್ನೆ ನಕಲು ಮಾಡಿರಲಿಲ್ಲ. "ಮಾವ, ಕೊನೆಗೆ 0 ಬರಲೇಬೇಕು. ಹಾಗಾಗಿ ಐದನೆಯದು 5. ಎರಡು, ನಾಲ್ಕು, ಆರು, ಎಂಟನೇ ಜಾಗಕ್ಕೆಲ್ಲ ಸಮ ಅಂಕಿ" ಅಂತ ಬೆರಳಿಟ್ಟು ತೋರಿಸಿದಳು. ಮೂರು, ನಾಲ್ಕು, ಆರು, ಎಂಟರ ನಿಯಮ ಹಾಕುತ್ತಾ ಹೋದರೆ ಉಳಿಯುವುದು ಹತ್ತೇ ಹತ್ತು ಸಂಖ್ಯೆ. ಆ ಹತ್ತನ್ನು ಜರಡಿ ಹಿಡಿಯುವುದು ಏಳು. ನನ್ನ ಜೇಬಿನಲ್ಲಿದ್ದ ತೂಕದ ಚೀಟಿಯ ಹಿಂದೆ ಇಬ್ಬರೂ ಭಾಗಾಕಾರ ಮಾಡಿದೆವು. ಅದರಲ್ಲೊಂದರ ಮೊದಲ ಏಳು ಅಂಕಿ, 1472589ನ್ನು ಏಳರಿಂದ ಭಾಗಿಸಿದರೆ ಶೇಷ 6, ಹೋಯಿತು. 3816547ಕ್ಕೆ 545221 ಸಲ, ಶೇಷ ಸೊನ್ನೆ. ಅವಳ ಮುಖ ನೋಡಬೇಕಿತ್ತು ನೀವು.

ಇದರ ಮೇಲೆ ಕೆಂಪು ಗೀಟು ಎಳೆಯಲು ಕೈಯಾದರೂ ಹೇಗೆ ಬಂತು?

ಪೋರ್ಷನ್ ಮುಗಿಸಬೇಕು, ಮಾರ್ಕ್ಸ್ ಬರಬೇಕು, ಮೇಷ್ಟ್ರಿಗೂ ಒತ್ತಡ ಇರುತ್ತೆ ಅಂತೀರಿ. ಇರಲಿ. ಆದರೆ ಭಾಗಾಕಾರದ ನಿಯಮಗಳೆಲ್ಲ ಪೋರ್ಷನ್‌ನಲ್ಲಿ ಇರುವಂಥವೇ ಅಲ್ವಾ? ಅವನ್ನೆಲ್ಲ ಒಂದೇ ಪುಟದಲ್ಲಿ, ಯಾರೂ ಹೇಳದೆ ಮಾಡಿದ್ದಾಳೆ ಹುಡುಗಿ. ಎಲ್ಲವೂ ಒಂದೇ ಅಲ್ಲದ ನಾಲ್ಕು ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಕಳೆಯುತ್ತಾ ಹೋದರೆ ಕೊನೆಗೆ 6174 ಸಿಗುತ್ತೆ ಅಂತ 1949ರಲ್ಲಿ ಕಂಡುಕೊಂಡ ಕಾಪ್ರೇಕರ್ ಕೂಡ ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರೇ ಆಗಿದ್ದರು. ಸಂಖ್ಯೆ ಜೊತೆ ಆಡುವುದೇ ಅವರ ಬದುಕಾಗಿತ್ತು.

ಒಂದು ವಿಷಯ ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ನನಗೂ ಅದೇ ವಯಸ್ಸಿನಲ್ಲಿ ಇಂಥದೇ ಮಾತು ಬಿದ್ದಿತ್ತು. ಆವತ್ತಿಂದ ಗಣಿತದ ಪೀರಿಯಡ್‌ನಲ್ಲಿ ಕೈ ಎತ್ತಲೇ ಇಲ್ಲ ನಾನು. ಆ ಕೆಂಪು ಗೀಟು ನೋಡಿದ ತಕ್ಷಣ ಹೊಟ್ಟೆಯಲ್ಲಿ ಸಂಕಟವಾಯಿತು.

ಹೊರಡುವಾಗ ಅವಳು ಗೇಟಿನ ತನಕ ಬಂದಳು. "ಮಾವ, ಅಂಕಿ ಮತ್ತೆ ಮತ್ತೆ ಬರಬಹುದು ಅಂದ್ರೆ ಇನ್ನೂ ಉದ್ದ ಹೋಗುತ್ತಾ?" ಹೋಗುತ್ತೆ, 25 ಅಂಕಿವರೆಗೂ ಹೋಗುತ್ತೆ, ಅಲ್ಲಿಗೆ ನಿಲ್ಲುತ್ತೆ ಅಂದೆ. "ಸಂಖ್ಯೆ ಹೇಳಬೇಡಿ, ನಾನೇ ಹುಡುಕ್ತೀನಿ" ಅಂದಳು. ನಾಳೆ ಮಂಡಿಯಿಂದ ಒಂದು ಖಾಲಿ ಲೆಕ್ಕದ ಪುಸ್ತಕ ತಂದುಕೊಡುತ್ತೇನೆ.