ಮರ ಚೆನ್ನಾಗಿದೆ, ಆದರೆ ಅದನ್ನ ನೀನು ಬೆಳೆಸಿಲ್ಲ

ಪೈಪ್ ಮಾಡೋದು ಕಲೀತಿದ್ದೀನಿ ಅಂತ ಫೋನಲ್ಲಿ ಹೇಳಿದಾಗ ಅಮ್ಮ ಗಾಬರಿಯಾದರು. "ಯಾಕೋ, ಇರೋ ಕೆಲಸ ಹೋಯ್ತಾ? ಪ್ಲಂಬರ್ ಆಗ್ತೀಯಾ?" ನೀರಿನ ಪೈಪಲ್ಲಮ್ಮ, ತಂಬಾಕು ಸೇದೋ ಪೈಪು ಅಂದೆ. ಪ್ಲಂಬರ್ ಆಗಿದ್ರೇ ವಾಸಿಯಿತ್ತು ಅಂದರು.

ನಾನು ಸೇದುವುದಿಲ್ಲ. ಯಾರಿಗೂ ಸೇದಿ ಅಂತ ಹೇಳುವುದೂ ಇಲ್ಲ. ನನಗೆ ಹಿಡಿದಿರುವುದು ಮರದ ಹುಚ್ಚು. ಶಿಕಾಗೋ ಚಳಿಯಲ್ಲಿ ನಾಲ್ಕು ತಿಂಗಳು ಮನೆಯೊಳಗೇ ಕೂತಿರಬೇಕು, ಹಾಗಾಗಿ ಬೇಸ್‌ಮೆಂಟಿನಲ್ಲಿ ಮರ ಕಡೆಯುವ ಒಂದು ಸಣ್ಣ ಯಂತ್ರ, ಲೇತ್, ಹಾಕಿಕೊಂಡೆ. ಪೈಪಿಗೆ ಬಳಸುವುದು ಬ್ರಯರ್ ಅನ್ನುವ ಮರ. ಮರ ಅಂದರೆ ಮರವಲ್ಲ, ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತ ಬೆಳೆಯುವ ಒಂದು ಪೊದೆ. ಅದರ ಬುಡದಲ್ಲಿ, ಮಣ್ಣಿನೊಳಗೆ, ಗೆಡ್ಡೆಯ ಹಾಗೆ ಒಂದು ಗಂಟು ಬೆಳೆಯುತ್ತೆ. ದೊಡ್ಡದಾಗಲು ದಶಕಗಳೇ ಬೇಕು. ಕಿತ್ತು, ಕೊಯ್ದು, ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸುತ್ತಾರೆ. ಒಳಗೆ ಕೆಂಡವಿದ್ದರೂ ಸುಲಭಕ್ಕೆ ಸುಡಲ್ಲ. ಅಂಥ ಒಂದು ತುಂಡಿಗೆ 45 ಡಾಲರ್ ಕೊಟ್ಟು ತಂದು ಹಾಳು ಮಾಡಿದ ಕಥೆ ಇದು.

ಹಾಳು ಮಾಡಿದೆ ಅಂತ ಆಗ ಗೊತ್ತಿರಲಿಲ್ಲ. ಕಪ್ಪು ಬಣ್ಣ ಹಚ್ಚಿ, ಉಜ್ಜಿ ತೆಗೆದು, ಮೇಲೆ ಕಂದು ಬಣ್ಣ ಕೊಟ್ಟು, ಕಾರ್ನೂಬಾ ಮೇಣದಲ್ಲಿ ಪಾಲಿಶ್ ಮಾಡಿದಾಗ ಮರದ ಎಳೆಗಳು ಉರಿಯುವ ಬೆಂಕಿಯ ಹಾಗೆ ಎದ್ದು ಬಂದವು. ಆಕಾರ ಹಂಸದ ಕತ್ತಿನಂತೆ ಬಾಗಿಸಿದ್ದೆ. ಇಲ್ಲಿಯ ಕನ್ನಡದ ಗೆಳೆಯರೆಲ್ಲ "ಸೂಪರ್ ಗುರೂ, ಮಾರಬಹುದು" ಅಂದರು. ಅವರಲ್ಲೂ ಯಾರೂ ಪೈಪ್ ಸೇದುವವರಿಲ್ಲ. ಅದೇ ಧೈರ್ಯದಲ್ಲಿ ಶಿಕಾಗೋ ಹತ್ತಿರ ಮೇ ತಿಂಗಳಲ್ಲಿ ನಡೆಯುವ ಪೈಪ್ ಶೋಗೆ ಜೇಬಲ್ಲಿ ಇಟ್ಟುಕೊಂಡು ಹೋದೆ.

ಪೈಪ್ ಮಾಡಿ ಮಾರುವವರ ಐದು ಟೇಬಲ್‌ಗಳಲ್ಲಿ ತೋರಿಸಿದೆ. ಐದೂ ಜನ ತಿರುಗಿಸಿ ನೋಡಿ, "ನೈಸ್ ವರ್ಕ್" ಅಂತ ನಕ್ಕು ವಾಪಸ್ ಕೊಟ್ಟರು. ಆರನೆಯವರು ವಯಸ್ಸಾದವರು, ಉಗುರಿನ ಸಂದಿಯೆಲ್ಲ ಬಣ್ಣ. ಅವರು ಎಳೆಗಳ ಕಡೆ ನೋಡಲೇ ಇಲ್ಲ. ಮೊದಲು ಬಾಯಿಗೆ ಇಡುವ ಕಪ್ಪು ಕೊಳವೆ ಮರಕ್ಕೆ ಸೇರುವ ಜಾಗವನ್ನು ಟ್ಯೂಬ್‌ಲೈಟಿಗೆ ಹಿಡಿದರು. ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು. ಆಮೇಲೆ ಪೈಪ್ ಕ್ಲೀನರ್ ತೂರಿಸಿದರು. ತಂತಿಗೆ ಹತ್ತಿ ಸುತ್ತಿದ ಕಡ್ಡಿ ಅದು, ಬಾಯಿಯಿಂದ ತಂಬಾಕು ತುಂಬುವ ಬಟ್ಟಲಿನ ತನಕ ತಡೆಯಿಲ್ಲದೆ ಹೋಗಬೇಕು. ನನ್ನದರಲ್ಲಿ ಅರ್ಧದಲ್ಲೇ ಟಕ್ ಅಂತ ನಿಂತಿತು. ಒಂದು ಕಣ್ಣು ಮುಚ್ಚಿ ಬಟ್ಟಲಿನೊಳಗೆ ಇಣುಕಿದರು.

"ನೀನು ಪೈಪ್ ಸೇದ್ತೀಯಾ?"

ಇಲ್ಲ ಅಂದೆ.

"ಗೊತ್ತಾಯ್ತು."

ಹೊಗೆ ಎಳೆಯುವ ತೂತು ಬಟ್ಟಲಿನ ತಳಕ್ಕೆ ಸರಿಯಾಗಿ ಬಂದು ಸೇರಬೇಕು. ನನ್ನದು 3 ಮಿಲಿಮೀಟರ್ ಮೇಲೆ, ಅದೂ ಒಂದು ಪಕ್ಕಕ್ಕೆ. ಹಾಗಾದರೆ ಕೆಳಗಿನ ತಂಬಾಕು ಪೂರ್ತಿ ಉರಿಯಲ್ಲ, ಒದ್ದೆ ಮುದ್ದೆಯಾಗಿ ತಳದಲ್ಲೇ ಕೂರುತ್ತೆ. ಒಳಗಿನ ಜೋಡಣೆಯಲ್ಲಿ ಜಾಗ ಬಿಟ್ಟಿದ್ದರಿಂದ ಅಲ್ಲಿ ನೀರು ಸೇರಿ ಗುಳುಗುಳು ಸದ್ದು ಬರುತ್ತೆ. ಹಲ್ಲಲ್ಲಿ ಕಚ್ಚುವ ತುದಿ 4 ಮಿಲಿಮೀಟರ್ ಇರಬೇಕಾದ್ದು 6ಕ್ಕಿಂತ ಜಾಸ್ತಿ. "ಇದನ್ನ ಅರ್ಧ ಗಂಟೆ ಕಚ್ಚಿದರೆ ದವಡೆ ನೋಯುತ್ತೆ" ಅಂದರು.

ನನಗೆ ಉರಿದುಹೋಯಿತು. ಕೈಯಲ್ಲಿ ಮಾಡಿದ್ದಲ್ವಾ, ಸ್ವಲ್ಪ ಹೆಚ್ಚು ಕಮ್ಮಿ ಇರುತ್ತೆ ಅಂದೆ. ಬಾಗಿಸಿದ್ದು ನನ್ನ ಸ್ಟೈಲು ಅಂದೆ. ಕೊನೆಗೆ, ಮರದ ಎಳೆಗಳಾದರೂ ಚೆನ್ನಾಗಿವೆಯಲ್ಲ ಅಂದೆ.

"ಮರ ಚೆನ್ನಾಗಿದೆ. ಅದನ್ನ ನೀನು ಬೆಳೆಸಿಲ್ಲ."

ಕಾರಿಗೆ ಹೋಗಿ ಕೂತವನಿಗೆ ಹುಣಸೂರಿನ ಹರಾಜು ನೆನಪಾಯಿತು. ನಮ್ಮಪ್ಪ ಹೊಗೆಸೊಪ್ಪು ಬೆಳೆದವರು. ಎಲೆ ಹದ ಮಾಡುವ ಮನೆ, ಬ್ಯಾರನ್‌ನಲ್ಲಿ, ರಾತ್ರಿಯೆಲ್ಲ ಸೌದೆ ಹಾಕಿ ಬೇಯಿಸಿ, ಎಲೆ ವಿಂಗಡಿಸಿ, ಬೇಲ್ ಕಟ್ಟಿ ಹರಾಜಿಗೆ ಹಾಕುತ್ತಿದ್ದರು. ಖರೀದಿದಾರರು ಸಾಲಲ್ಲಿ ಬರೋರು, ಎರಡು ಎಲೆ ಎಳೆದು ಮೂಸಿ ನೋಡೋರು, ಮುಂದಕ್ಕೆ ಹೋಗೋರು. ಯಾರೂ ಬೆಲೆ ಕೂಗದಿದ್ದರೆ ಆ ಬೇಲ್ "ನೋ ಬಿಡ್". ಯಾಕೆ ಬೇಡ ಅಂತ ಒಬ್ಬರೂ ಹೇಳ್ತಿರಲಿಲ್ಲ. ತೇವ ಜಾಸ್ತಿಯಾಯ್ತಾ, ಬಣ್ಣ ಕೆಟ್ಟಿತಾ? ಅಪ್ಪ ಅದೇ ಬೇಲನ್ನು ವಾಪಸ್ ತಂದು, ದೀಪದ ಬೆಳಕಲ್ಲಿ ಒಂದೊಂದೇ ಎಲೆ ಬಿಡಿಸಿ ನೋಡುತ್ತಾ ಕೂರೋರು. "ಬೈದಾದ್ರೂ ಹೋಗಬಾರ್ದಿತ್ತಾ" ಅನ್ನೋರು.

ಆ ಐದು "ನೈಸ್ ವರ್ಕ್"ಗಳೂ ನೋ ಬಿಡ್‌ಗಳೇ. ಆರನೆಯವರು ಮಾತ್ರ ನನ್ನ ಬೇಲ್ ಬಿಚ್ಚಿ ನೋಡಿದ್ದರು, ಇಪ್ಪತ್ತು ನಿಮಿಷ, ತಮ್ಮ ಟೇಬಲ್ ಮುಂದೆ ಗಿರಾಕಿಗಳು ನಿಂತಿದ್ದಾಗ.

ನಾವು ಕನ್ನಡದವರು ಮುಖ ನೋಡಿ ಮಾತಾಡುವುದರಲ್ಲಿ ನಿಸ್ಸೀಮರು. ಸಾರಿಗೆ ಉಪ್ಪಿಲ್ಲದಿದ್ದರೂ "ತುಂಬಾ ಚೆನ್ನಾಗಿದೆ ಅತ್ತೆ" ಅಂತೀವಿ. ಊಟಕ್ಕೆ ಅದು ಸರಿ. ಕಲಿಯುವವನಿಗೆ ಹಾಗಂದರೆ ಅವನ ಒಂದು ವರ್ಷ ಹೋಯ್ತು ಅಂತಲೇ ಅರ್ಥ. ನನ್ನದು ಹೋಯಿತು. ಹಾಗಂತ ಒರಟಾಗಿ ಮಾತಾಡುವವರೆಲ್ಲ ಗುರುಗಳಲ್ಲ. "ನಿನ್ನ ಕೈಲಿ ಆಗಲ್ಲ ಬಿಡು" ಅನ್ನುವವನಿಂದ ಕಲಿಯೋಕೆ ಏನೂ ಇಲ್ಲ. ಇವರು ನನ್ನ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದೆಲ್ಲ ತೂತಿನ ಬಗ್ಗೆ, ಸಂದಿಯ ಬಗ್ಗೆ, ಮಿಲಿಮೀಟರ್ ಬಗ್ಗೆ. ಈ ವ್ಯತ್ಯಾಸ ನನಗೆ ಹೊಳೆಯಲು ಎರಡು ವಾರ ಬೇಕಾಯಿತು. ಮೊದಲ ವಾರವೆಲ್ಲ ಮನಸ್ಸಲ್ಲೇ ಅವರಿಗೆ ಉತ್ತರ ಕೊಡುತ್ತಿದ್ದೆ. ಅವರು ಹೇಳಿದ್ದೆಲ್ಲವನ್ನೂ ಒಪ್ಪಿದ್ದೇನೆ ಅಂತಲೂ ಅಲ್ಲ. ಆ ಬಾಗು ಅವರಿಗೆ "ಸತ್ತ ಬಾತುಕೋಳಿ"ಯ ಹಾಗೆ ಕಂಡಿತಂತೆ. ನನಗೆ ಈಗಲೂ ಅದು ಹಂಸವೇ.

ಹೊರಡುವ ಮುಂಚೆ ಅವರು ಎರಡು ಕೆಲಸ ಹೇಳಿದ್ದರು. ಒಂದು, ಬಿಲಿಯರ್ಡ್ ಮಾಡು. ಬಿಲಿಯರ್ಡ್ ಅಂದರೆ ಪೈಪ್ ಅಂದ ತಕ್ಷಣ ನಿಮ್ಮ ಕಣ್ಣಿಗೆ ಬರುವ ಆ ಸಾದಾ ಆಕಾರ, ನೆಟ್ಟಗಿನ ಕೊಳವೆ, ನೆಟ್ಟಗಿನ ಬಟ್ಟಲು. ಬಾಗು ಬಳುಕು ಏನೂ ಇಲ್ಲದ್ದರಿಂದ ಅದರಲ್ಲಿ ತಪ್ಪು ಬಚ್ಚಿಡಲು ಜಾಗವಿಲ್ಲ. ಇನ್ನೊಂದು, ಹಳೇ ಪೈಪ್‌ಗಳನ್ನು ತಂದು ರಿಪೇರಿ ಮಾಡು. ಡೆನ್ಮಾರ್ಕಿನ ಕೈಕೆಲಸದ ಪೈಪ್‌ಗಳಿಗೆ ಹೆಸರು ತಂದ ಸಿಕ್ಸ್‌ಟನ್ ಇವಾರ್‌ಸನ್ ಕೂಡ ಕೋಪನ್‌ಹೇಗನ್‌ನಲ್ಲಿ ರಿಪೇರಿ ಕೆಲಸದಿಂದಲೇ ಶುರು ಮಾಡಿದವರು. ಬೇರೆಯವರ ಬಾಯಲ್ಲಿ ಸವೆದ ಪೈಪ್ ಬಿಚ್ಚಿದರೆ ತೇವ ಎಲ್ಲಿ ನಿಲ್ಲುತ್ತೆ, ಹಲ್ಲು ಎಲ್ಲಿ ಕೂರುತ್ತೆ, ಎಲ್ಲಾ ಕಣ್ಣಿಗೇ ಕಾಣುತ್ತೆ. ಸೇದದ ನನ್ನಂಥವನಿಗೆ ಅದಕ್ಕಿಂತ ಬೇರೆ ದಾರಿಯೂ ಇಲ್ಲ.

ಹಳೇ ಸಾಮಾನಿನ ಅಂಗಡಿಗಳಿಂದ ಹದಿನೆಂಟು ಪೈಪ್ ತಂದು ತೊಳೆದೆ. ಬೇಸ್‌ಮೆಂಟಿನ ವಾಸನೆಗೆ ಹೆಂಡತಿ ಒಂದು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಬಿಲಿಯರ್ಡ್ ಏಳು ಮಾಡಿದೆ, ಆರು ಡಬ್ಬದಲ್ಲಿವೆ.

ಈ ಮೇ ತಿಂಗಳಲ್ಲಿ ಏಳನೆಯದನ್ನು ತೆಗೆದುಕೊಂಡು ಹೋದೆ. ನನ್ನ ಗುರುತು ಅವರಿಗೆ ಸಿಗಲಿಲ್ಲ. ಬೆಳಕಿಗೆ ಹಿಡಿದರು. ಕ್ಲೀನರ್ ತೂರಿಸಿದರು, ಸದ್ದಿಲ್ಲದೆ ತಳದವರೆಗೆ ಹೋಯಿತು. ಬಟ್ಟಲೊಳಗೆ ಇಣುಕಿದರು. ತುದಿಯನ್ನು ಎರಡು ಬೆರಳಲ್ಲಿ ಹಿಡಿದು, "ಇನ್ನೂ ದಪ್ಪ" ಅಂತ ವಾಪಸ್ ಕೊಟ್ಟರು.

ಮನೆಗೆ ಬಂದು ದಪ್ಪ ಅಳೆಯುವ ಕ್ಯಾಲಿಪರ್ ಇಟ್ಟು ನೋಡಿದೆ. 4.6 ಇತ್ತು.