ಎಡಿಟರನ್ನು ತಿದ್ದುತ್ತಾ ಪ್ರೋಗ್ರಾಮಿಂಗ್ ಕಲಿಯುವುದು

ರಾಯಚೂರಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ಹಲವು ವರ್ಷಗಳಿಂದ ಕಂಪ್ಯೂಟರ್ ಪಾಠ ಹೇಳುತ್ತಾ ಬಂದಿರುವ ನನಗೆ, ಪ್ರೋಗ್ರಾಮಿಂಗ್ ಕಲಿಸಲು ನಾವು ಹಿಡಿದಿರುವ ದಾರಿಯೇ ಸರಿಯಿಲ್ಲ ಎಂಬುದು ವರ್ಷದಿಂದ ವರ್ಷಕ್ಕೆ ಹೆಚ್ಚು ಸ್ಪಷ್ಟವಾಗುತ್ತಿದೆ. ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ, ಫಿಬೊನಾಚಿ ಸರಣಿಯನ್ನು ಮುದ್ರಿಸುವ ಪ್ರೋಗ್ರಾಮ್‌ಗಳನ್ನು ವಿದ್ಯಾರ್ಥಿಗಳು ಲ್ಯಾಬ್ ರೆಕಾರ್ಡಿಗೆ ಇಳಿಸಿಕೊಳ್ಳುತ್ತಾರೆ, ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡುತ್ತಾರೆ, ಅಂಕವನ್ನೂ ಪಡೆಯುತ್ತಾರೆ. ಆದರೆ ಆ ಉತ್ತರ ಅವರಲ್ಲಿ ಯಾರಿಗೂ ಬೇಕಾಗಿರುವುದಿಲ್ಲ, ಅದು ತಪ್ಪಾದರೂ ಯಾರ ಕೆಲಸವೂ ನಿಲ್ಲುವುದಿಲ್ಲ. ಇದರ ಬದಲಿಗೆ, ಒಳಗನ್ನು ಬಿಚ್ಚಿ ನೋಡಲು ಮತ್ತು ತಿದ್ದಲು ಎಲ್ಲರಿಗೂ ಹಕ್ಕಿರುವ ಒಂದು ಸ್ವತಂತ್ರ ತಂತ್ರಾಂಶದ ಟೆಕ್ಸ್ಟ್ ಎಡಿಟರನ್ನು, ಅಂದರೆ ಪಠ್ಯವನ್ನು ಬರೆದು ತಿದ್ದುವ ತಂತ್ರಾಂಶವನ್ನು, ಕೈಗೆ ಕೊಟ್ಟು, ಅದನ್ನು ತಮ್ಮ ತಮ್ಮ ಕೆಲಸಕ್ಕೆ ಹೊಂದಿಸಿಕೊಳ್ಳಲು ಹೇಳಿದರೆ, ಪ್ರೋಗ್ರಾಮಿಂಗ್ ಎಂಬ ಹೆಸರನ್ನೇ ಎತ್ತದೆ ಅವರು ಪ್ರೋಗ್ರಾಮಿಂಗ್ ಕಲಿಯುತ್ತಾರೆ ಎಂದು ನಾನು ದೃಢವಾಗಿ ನಂಬಿದ್ದೇನೆ. ನಾನು ಹೇಳುತ್ತಿರುವುದು ಈಮ್ಯಾಕ್ಸ್ ಕುರಿತು.

ಈಮ್ಯಾಕ್ಸ್ ಹುಟ್ಟಿದ್ದೇ ಬಳಸುವವರ ತಿದ್ದುಪಡಿಗಳಿಂದ. ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಟೆಕೊ ಎಂಬ ಎಡಿಟರ್ ಇತ್ತು. ಅಲ್ಲಿನವರು ತಮ್ಮ ಅನುಕೂಲಕ್ಕೆಂದು ಅದಕ್ಕೆ ಬರೆದುಕೊಂಡಿದ್ದ ಮ್ಯಾಕ್ರೊಗಳು, ಅಂದರೆ ಹಲವು ಆದೇಶಗಳನ್ನು ಒಂದಾಗಿ ಜೋಡಿಸಿದ ತುಣುಕುಗಳು, ಒಟ್ಟುಗೂಡಿ 1976ರಲ್ಲಿ ಮೊದಲ ಈಮ್ಯಾಕ್ಸ್ ಆಯಿತು. 1978ರಲ್ಲಿ ಬರ್ನಾರ್ಡ್ ಗ್ರೀನ್‌ಬರ್ಗ್ ಎಂಬುವರು ಮಲ್ಟಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಗಾಗಿ ಲಿಸ್ಪ್ ಭಾಷೆಯಲ್ಲಿ ಇನ್ನೊಂದು ಈಮ್ಯಾಕ್ಸ್ ಬರೆದರು. ಅವರ ಕಚೇರಿಯಲ್ಲಿ ಟೈಪಿಂಗ್ ಕೆಲಸ ಮಾಡುತ್ತಿದ್ದ ಕಾರ್ಯದರ್ಶಿಗಳು ಅದನ್ನು ಬಳಸತೊಡಗಿದರು. ಅವರಿಗೆ ಕೊಟ್ಟ ಕೈಪಿಡಿಯಲ್ಲಿ ಎಡಿಟರಿಗೆ ಹೊಸ ಆದೇಶಗಳನ್ನು ಸೇರಿಸುವ ಕ್ರಮವನ್ನು ವಿವರಿಸಲಾಗಿತ್ತೇ ಹೊರತು, ಇದು ಪ್ರೋಗ್ರಾಮಿಂಗ್ ಎಂದು ಎಲ್ಲಿಯೂ ಹೇಳಿರಲಿಲ್ಲ. ತಮ್ಮಿಂದ ಪ್ರೋಗ್ರಾಮಿಂಗ್ ಆಗದು ಎಂದು ನಂಬಿದ್ದ ಅವರು ಹೆದರದೆ ಓದಿದರು, ಉಪಯುಕ್ತವಾದದ್ದನ್ನು ಬರೆದುಕೊಂಡರು, ಹೀಗೆ ಪ್ರೋಗ್ರಾಮಿಂಗ್ ಕಲಿತರು. ಮೊದಲ ಈಮ್ಯಾಕ್ಸನ್ನು ರೂಪಿಸಿದವರೂ 1983ರಲ್ಲಿ ಸ್ವತಂತ್ರ ತಂತ್ರಾಂಶಗಳನ್ನು ಕಟ್ಟುವ ಗ್ನೂ ಯೋಜನೆಯನ್ನು ಘೋಷಿಸಿದವರೂ ಆದ ರಿಚರ್ಡ್ ಸ್ಟಾಲ್‌ಮನ್ 2002ರ ಒಂದು ಉಪನ್ಯಾಸದಲ್ಲಿ ಈ ಸಂಗತಿಯನ್ನು ಹೇಳಿದ್ದಾರೆ. ಅವರು 1985ರಲ್ಲಿ ಹೊರತಂದ ಗ್ನೂ ಈಮ್ಯಾಕ್ಸೇ ನಾವು ಇಂದು ಬಳಸುತ್ತಿರುವುದು. ಅದರ ತಿರುಳು ಸಿ ಭಾಷೆಯಲ್ಲಿದ್ದರೂ ಬಹುಭಾಗ ಈಮ್ಯಾಕ್ಸ್ ಲಿಸ್ಪ್ ಎಂಬ ಭಾಷೆಯಲ್ಲಿದೆ, ಮತ್ತು ಆ ಭಾಷೆಯಲ್ಲಿ ಬರೆಯಲು ಎಡಿಟರನ್ನು ಬಿಟ್ಟು ಹೊರಗೆ ಹೋಗಬೇಕಾಗಿಲ್ಲ.

ಅಮೆರಿಕದ ಕಚೇರಿಯಲ್ಲಿ ಆದದ್ದು ನಮ್ಮ ಗಂಜ್‌ನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಏಕೆ ಆಗಬಾರದು? ಸಂಜೆ ನನ್ನ ಬಳಿ ಕಲಿಯಲು ಬರುವವರಲ್ಲಿ ಮಾನ್ವಿ ಕಡೆಯ ಒಬ್ಬ ಯುವಕನಿದ್ದಾನೆ. ಬಿ.ಎ. ಓದಿ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿರುವ ಅವನು ರೈತರ ಹೆಸರು, ಚೀಲದ ಲೆಕ್ಕ, ಕೆ.ಜಿ.ಯಲ್ಲಿ ತೂಕ ಇವನ್ನು ಸಾಲು ಸಾಲಾಗಿ ಟೈಪ್ ಮಾಡಿ, ಅನಂತರ ಪ್ರತಿ ತೂಕವನ್ನೂ ಕ್ಯಾಲ್ಕುಲೇಟರಿನಲ್ಲಿ ಕ್ವಿಂಟಲಿಗೆ ತಿರುಗಿಸಿ ಬರೆಯುತ್ತಿದ್ದ. ಮೊದಲು ಅವನಿಗೆ ಕೀಬೋರ್ಡ್ ಮ್ಯಾಕ್ರೊ ತೋರಿಸಿದೆ: ಎಫ್3 ಒತ್ತಿದಾಗಿನಿಂದ ಎಫ್4 ಒತ್ತುವವರೆಗೆ ಮಾಡಿದ್ದನ್ನೆಲ್ಲ ಈಮ್ಯಾಕ್ಸ್ ನೆನಪಿಟ್ಟುಕೊಳ್ಳುತ್ತದೆ, ಮತ್ತೆ ಎಫ್4 ಒತ್ತಿದರೆ ಅದನ್ನೇ ಪುನಃ ಮಾಡುತ್ತದೆ. ಸಾಲಿನ ಕೊನೆಗೆ ಹೋಗುವುದು, ಕೆಳಗಿಳಿಯುವುದು ಮುಂತಾದ ಸಣ್ಣ ಕ್ರಿಯೆಗಳನ್ನು ಕ್ರಮವಾಗಿ ಜೋಡಿಸಬಹುದು ಎಂಬುದು ಅವನಿಗೆ ತಿಳಿಯಿತು. ಆದರೆ ಭಾಗಾಕಾರಕ್ಕೆ ಅಷ್ಟು ಸಾಲದು. ಆಗ ಖಾಲಿ ಬಫರೊಂದರಲ್ಲಿ, ಅಂದರೆ ಈಮ್ಯಾಕ್ಸಿನ ಬರೆಯುವ ಜಾಗದಲ್ಲಿ, (/ 4860 100) ಎಂದು ಬರೆದು, ಕೊನೆಯ ಆವರಣ ಮುಗಿದ ಮೇಲೆ ಬರುವ ಜಾಗದಲ್ಲಿ ಕರ್ಸರ್ ಇಟ್ಟು, ಕಂಟ್ರೋಲ್-ಎಕ್ಸ್, ಕಂಟ್ರೋಲ್-ಇ ಒತ್ತಲು ಹೇಳಿದೆ. ಕೆಳಗಿನ ಪಟ್ಟಿಯಲ್ಲಿ ಉತ್ತರ 48 ಎಂದು ಬಂತು.

"ಸರ್, ಅರವತ್ತು ಕೆ.ಜಿ. ಎಲ್ಲಿ ಹೋತ್ರೀ?" ಎಂದು ಅವನು ತಕ್ಷಣ ಕೇಳಿದ.

ಎರಡೂ ಪೂರ್ಣಾಂಕಗಳಾಗಿದ್ದರೆ ಈಮ್ಯಾಕ್ಸ್ ಲಿಸ್ಪ್ ಪೂರ್ಣಾಂಕವನ್ನೇ ಉತ್ತರವಾಗಿ ಕೊಟ್ಟು ಉಳಿದದ್ದನ್ನು ಬಿಟ್ಟುಬಿಡುತ್ತದೆ, (/ 4860 100.0) ಎಂದು ಬರೆದರೆ 48.6 ಬರುತ್ತದೆ. ಪೂರ್ಣಾಂಕಕ್ಕೂ ದಶಮಾಂಶ ಸಂಖ್ಯೆಗೂ ಗಣಕ ಮಾಡುವ ಈ ಭೇದವನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆದು ಹೇಳುತ್ತೇನೆ, ವಿದ್ಯಾರ್ಥಿಗಳು ತಲೆಯಾಡಿಸುತ್ತಾರೆ, ಮರುವಾರ ಮರೆಯುತ್ತಾರೆ. ಈ ಗುಮಾಸ್ತ ಮರೆಯಲಿಲ್ಲ, ಏಕೆಂದರೆ ಅರವತ್ತು ಕೆ.ಜಿ. ಭತ್ತ ಎಂದರೆ ಯಾವನೋ ಒಬ್ಬ ರೈತನ ದುಡ್ಡು ಎಂಬುದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಮುಂದೆ ಅವನು ಆ ಲೆಕ್ಕಕ್ಕೊಂದು ಹೆಸರು ಕೊಟ್ಟು ಫಂಕ್ಷನ್ ಮಾಡಿದ, ಅದನ್ನು ಒಂದು ಕೀಲಿಗೆ ಕಟ್ಟಿದ, ಈಮ್ಯಾಕ್ಸ್ ತೆರೆದಾಗಲೆಲ್ಲ ಓದುವ ತನ್ನ ಇನಿಟ್ ಕಡತದಲ್ಲಿ ಉಳಿಸಿದ. ತೂಕ ಬರೆಯದೆ ಬಿಟ್ಟ ಸಾಲು ಬಂದರೆ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ತಾನಾಗಿಯೇ ಎತ್ತಿದಾಗ, ಷರತ್ತು ಎಂಬ ಅಧ್ಯಾಯವನ್ನು ನಾನು ಬೇರೆಯಾಗಿ ಕಲಿಸಬೇಕಾಗಲಿಲ್ಲ.

ಸ್ವತಂತ್ರ ತಂತ್ರಾಂಶದ ಬಗ್ಗೆ ಮಾತನಾಡುವಾಗ ನಾವು ಬೆಲೆಯ ಮಾತನ್ನೇ ಹೆಚ್ಚು ಆಡುತ್ತೇವೆ. ದುಡ್ಡು ಕೊಡಬೇಕಿಲ್ಲ, ಅಷ್ಟೇ ಎಂಬಂತೆ. ಈಮ್ಯಾಕ್ಸಿನಂಥ ಸ್ವತಂತ್ರ ತಂತ್ರಾಂಶಗಳಿಗಿರುವ ಜಿಪಿಎಲ್ ಪರವಾನಗಿ ಕೊಡುವ ಹಕ್ಕುಗಳಲ್ಲಿ ಓದುವ ಮತ್ತು ತಿದ್ದುವ ಹಕ್ಕು ನನ್ನ ದೃಷ್ಟಿಯಲ್ಲಿ ಬಹಳ ದೊಡ್ಡದು. ಆದರೆ ಬಹುಪಾಲು ಸ್ವತಂತ್ರ ತಂತ್ರಾಂಶಗಳಲ್ಲಿ ಈ ಹಕ್ಕನ್ನು ಚಲಾಯಿಸಬೇಕೆಂದರೆ ಆ ತಂತ್ರಾಂಶದ ಮೂಲ ಬರಹವಾದ ಆಕರ ಕೋಡನ್ನು ಬೇರೆ ಕಡೆಯಿಂದ ಇಳಿಸಿಕೊಂಡು, ಕಟ್ಟುವ ಸಲಕರಣೆಗಳನ್ನೆಲ್ಲ ಹೊಂದಿಸಿಕೊಂಡು, ಎಲ್ಲಿ ತಿದ್ದಬೇಕೆಂದು ಸಾವಿರಾರು ಕಡತಗಳಲ್ಲಿ ಹುಡುಕಬೇಕು; ಹೊಸಬನಿಗೆ ಆ ಹಕ್ಕು ಕಾಗದದ ಮೇಲೆಯೇ ಉಳಿಯುತ್ತದೆ. ಈಮ್ಯಾಕ್ಸಿನಲ್ಲಿ ಹಾಗಲ್ಲ. ಕಂಟ್ರೋಲ್-ಎಚ್ ಮತ್ತು ಕೆ ಒತ್ತಿ, ಆಮೇಲೆ ಯಾವುದೇ ಕೀಲಿಯನ್ನು ಒತ್ತಿದರೆ ಆ ಕೀಲಿ ಯಾವ ಫಂಕ್ಷನನ್ನು ನಡೆಸುತ್ತದೆ ಎಂಬ ವಿವರಣೆ ಪರದೆಯ ಮೇಲೆ ಬರುತ್ತದೆ. ಬರಿಯ ಒಂದು ಅಕ್ಷರವನ್ನು ಒತ್ತಿದರೂ ಅದರ ಹಿಂದೆ ಒಂದು ಫಂಕ್ಷನ್ ಇರುವುದು ಕಾಣುತ್ತದೆ. ಮಾಡಿದ್ದನ್ನು ಹಿಂದಕ್ಕೆ ಪಡೆಯುವ ಅನ್‌ಡು ಕೀಲಿಯನ್ನು ಹೀಗೆ ಕೇಳಿ, ವಿವರಣೆಯಲ್ಲಿರುವ ಕಡತದ ಹೆಸರಿನ ಮೇಲೆ ಒತ್ತಿದರೆ, ಆ ಕೆಲಸವನ್ನು ಮಾಡುವ ಲಿಸ್ಪ್ ಕೋಡೇ ಪೂರ್ತಿಯಾಗಿ ತೆರೆದುಕೊಳ್ಳುತ್ತದೆ. ಅದನ್ನು ಅಲ್ಲಿಯೇ ಬದಲಿಸಿ ನಡೆಸಿದರೆ ಎಡಿಟರ್ ಆ ಕ್ಷಣದಿಂದಲೇ ಬೇರೆ ರೀತಿ ವರ್ತಿಸುತ್ತದೆ, ಮುಚ್ಚಿ ತೆರೆಯುವ ಅಗತ್ಯವೂ ಇಲ್ಲ. ನಮ್ಮ ರೈತ ತನ್ನ ಹೊಲಕ್ಕೆ ತಕ್ಕಂತೆ ಕೂರಿಗೆಯ ಸಾಲಿನ ಅಂತರವನ್ನು ಹೆಚ್ಚುಕಡಿಮೆ ಮಾಡಿಸಿಕೊಳ್ಳುವಷ್ಟೇ ಸಹಜವಾಗಿ ತಂತ್ರಾಂಶವನ್ನೂ ಬದಲಿಸಿಕೊಳ್ಳಬಹುದು ಎಂಬ ಅರಿವು ವಿದ್ಯಾರ್ಥಿಗೆ ಒಮ್ಮೆ ಬಂದರೆ, ಅನಂತರ ಅವನು ಯಾವ ತಂತ್ರಾಂಶದ ಮುಂದೆಯೂ ಕೈಕಟ್ಟಿ ಕೂರುವುದಿಲ್ಲ.

ಈಮ್ಯಾಕ್ಸ್ ಹಳೆಯದು, ಕೀಲಿಗಳು ವಿಚಿತ್ರ, ಲಿಸ್ಪ್ ಕಲಿತರೆ ಬೆಂಗಳೂರಿನಲ್ಲಿ ಕೆಲಸ ಸಿಗುವುದಿಲ್ಲ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಕೀಲಿಗಳ ಮಾತು ನಿಜ. ಮೊದಲ ಕೆಲವು ದಿನ ಬೆರಳು ತಡವರಿಸುತ್ತವೆ. ಕೆಲಸದ ಮಾತನ್ನು ನಾನು ಒಪ್ಪುವುದಿಲ್ಲ. ಚರಾಂಶ, ಷರತ್ತು, ಆವರ್ತನೆ, ಫಂಕ್ಷನ್ ಇವು ಎಲ್ಲ ಭಾಷೆಗಳಲ್ಲಿಯೂ ಇವೆ, ಒಂದರಲ್ಲಿ ಅರ್ಥ ಮಾಡಿಕೊಂಡವನು ಪೈಥಾನಿಗೆ ದಾಟುವುದು ಕಷ್ಟವಲ್ಲ. ವಿಮ್ ಎಂಬ ಇನ್ನೊಂದು ಎಡಿಟರನ್ನು ಬಳಸುವವರು ಅದನ್ನೇ ಹೀಗೆ ಹೊಂದಿಸಿಕೊಂಡು ಕಲಿತರೆ ನನಗೆ ಅಷ್ಟೇ ಸಂತೋಷ.

ನಿಜವಾದ ತೊಡಕು ಇಂಗ್ಲಿಷಿನದು. ಈಮ್ಯಾಕ್ಸಿನಲ್ಲಿ ಕನ್ನಡವನ್ನು ಬರೆಯಲು ಇನ್‌ಸ್ಕ್ರಿಪ್ಟ್ ಮತ್ತು ಐಟ್ರಾನ್ಸ್ ವಿಧಾನಗಳು ಆಗಲೇ ಇವೆ. ಲೋಕದ ಭಾಷೆಗಳ ವಂದನೆಗಳನ್ನು ಒಟ್ಟಿಗೆ ತೋರಿಸುವ ಅದರ ಹಲೋ ಕಡತದಲ್ಲಿ ನಮ್ಮ 'ನಮಸ್ಕಾರ'ವೂ ಇದೆ. ಪ್ರೋಗ್ರಾಮರ್ ಅಲ್ಲದವರಿಗಾಗಿಯೇ ರಾಬರ್ಟ್ ಚಾಸೆಲ್ ಬರೆದ ಲಿಸ್ಪ್ ಪ್ರವೇಶಿಕೆಯೂ ಗ್ನೂ ಈಮ್ಯಾಕ್ಸಿನ ಕೈಪಿಡಿಗಳ ಜೊತೆಗೇ ಇದೆ, ಆದರೆ ಇಂಗ್ಲಿಷಿನಲ್ಲಿ. ಕಂಟ್ರೋಲ್-ಎಚ್ ಮತ್ತು ಟಿ ಒತ್ತಿದರೆ ತೆರೆಯುವ ಮೊದಲ ಪಾಠ ಜಪಾನಿ, ಕೊರಿಯನ್, ಥಾಯ್ ಮುಂತಾದ ಹಲವು ಭಾಷೆಗಳಲ್ಲಿದೆ, ಕನ್ನಡದಲ್ಲಿಲ್ಲ. ಅದೊಂದು ಸಾದಾ ಪಠ್ಯ ಕಡತ. ಅನುವಾದಿಸಲು ಯಾರ ಅಪ್ಪಣೆಯೂ ಬೇಡ. ಕರ್ಸರಿನ ಚಲನೆಯ ಭಾಗವನ್ನು ನಾನು ಕನ್ನಡಕ್ಕೆ ತಂದಿದ್ದೇನೆ, ಉಳಿದದ್ದು ನಡೆಯುತ್ತಿದೆ. ರಾಯಚೂರು, ಕೊಪ್ಪಳ, ಬಳ್ಳಾರಿಯ ಗೆಳೆಯರಲ್ಲಿ ಯಾರಾದರೂ ಓದಿ, ಎಲ್ಲೆಲ್ಲಿ ಅರ್ಥವಾಗಲಿಲ್ಲ ಎಂದು ಗುರುತು ಹಾಕಿಕೊಡಲು ಸಿದ್ಧರಿದ್ದರೆ ತಿಳಿಸಿ, ಕಡತವನ್ನು ಕಳುಹಿಸುತ್ತೇನೆ. ಈ ಕೆಲಸಕ್ಕೆ ನನಗೆ ಬೇಕಾಗಿರುವುದು ಇದುವರೆಗೆ ಒಂದು ಸಾಲು ಪ್ರೋಗ್ರಾಮನ್ನೂ ಬರೆಯದವರು.